ಹಿನ್ನೀರಿನಾಚೆಯ ತವರು

ಶರಾವತಿ ಹಿನ್ನೀರಿಗೆ ನಮ್ಮ ವಯಸ್ಸಿನವರು ಹೋಗೋದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು ಸಿಗಂದೂರು ಚೌಡೇಶ್ವರಿ, ಇನ್ನೊಂದು ಇನ್‌ಸ್ಟಾಗ್ರಾಂ. ಲಾಂಚಿನ ಮೇಲೆ ಬಸ್ಸು ನಿಂತಿರೋದು, ಸುತ್ತ ನೀಲಿ ನೀರು, ದೂರದಲ್ಲಿ ಹಸಿರು ಗುಡ್ಡ. ಹತ್ತು ಸೆಕೆಂಡಿನ ರೀಲ್‌ಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಹೋದ ವರ್ಷ, ಅಂದ್ರೆ 2025ರ ಮೇ ತಿಂಗಳಲ್ಲಿ, ನಾನು ಹೋಗಿದ್ದು ಇವೆರಡಕ್ಕೂ ಅಲ್ಲ. ಎಂಬತ್ತೊಂದು ವರ್ಷದ ನನ್ನ ಅಮ್ಮಮ್ಮನ ತವರುಮನೆ ಆ ನೀರಿನ ಕೆಳಗಿದೆ. ಅದನ್ನು ಅವಳಿಗೆ ತೋರಿಸಬೇಕಿತ್ತು. ತೋರಿಸೋದಕ್ಕೆ ಅಲ್ಲಿ ಏನಿದೆ ಅಂತ ಮನೆಯವರೆಲ್ಲ ಕೇಳಿದ್ರು.

(ನಮ್ಮ ಕಡೆ ಅಮ್ಮನ ಅಮ್ಮನಿಗೆ ಅಮ್ಮಮ್ಮ ಅಂತೀವಿ. ಬೆಂಗಳೂರಿನ ಗೆಳೆಯರು ಪ್ರತಿ ಸಲ ಕೇಳ್ತಾರೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ.)

ಇದಕ್ಕೆಲ್ಲ ಶುರು ಒಂದು ಪುಸ್ತಕ. 2025ರ ಜನವರಿ 5ರಂದು ನಾ. ಡಿಸೋಜ ತೀರಿಕೊಂಡರು. ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಅಣೆಕಟ್ಟಿನಿಂದ ಊರು ಕಳಕೊಂಡವರನ್ನು ಹತ್ತಿರದಿಂದ ಕಂಡು 'ಮುಳುಗಡೆ', 'ದ್ವೀಪ' ಮುಂತಾದ ಕಾದಂಬರಿ ಬರೆದವರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ದು, ಸೌಂದರ್ಯ ಅದರಲ್ಲಿ ನಟಿಸಿದ್ದಷ್ಟೇ ಅಲ್ಲ ನಿರ್ಮಾಪಕಿಯೂ ಆಗಿದ್ದು ನಿಮಗೆ ಗೊತ್ತಿರಬಹುದು. ನನಗೆ ಗೊತ್ತಿದ್ದದ್ದೂ ಸಿನಿಮಾ ಮಾತ್ರ. ಅವರು ಹೋದ ಸುದ್ದಿ ಓದಿ ಪುಸ್ತಕ ತರಿಸಿದೆ. ಸಣ್ಣ ಕಾದಂಬರಿ, ಎರಡು ರಾತ್ರಿಗೆ ಮುಗಿಯಿತು. ಸುತ್ತ ನೀರು ಏರ್ತಾ ಏರ್ತಾ ಸೀತಾಪರ್ವತ ದ್ವೀಪವಾಗುತ್ತೆ, ಪರಿಹಾರ ಕೈಗೆ ಬರಲಿ ಅಂತ ಕಾದು ಕೂತ ಗಣಪಯ್ಯ, ನಾಗವೇಣಿ ಅಲ್ಲೇ ಸಿಕ್ಕಿಬೀಳ್ತಾರೆ. ನಾಗವೇಣಿಯ ತವರಿನ ಕಡೆಯಿಂದ ಕೃಷ್ಣಯ್ಯ ಅಂತ ಒಬ್ಬ ಹುಡುಗ ಬರ್ತಾನೆ. ಅವನು ಬಂದ ಮೇಲೆ ಅವಳು ಬದಲಾಗೋದಿದೆಯಲ್ಲ, ಅಲ್ಲಿ ನನಗೆ ಅಮ್ಮಮ್ಮ ನೆನಪಾದಳು. ತವರಿನ ಕಡೆಯ ನಾಯಿ ಬಂದರೂ ಹೆಣ್ಣುಮಕ್ಕಳಿಗೆ ಖುಷಿ ಅನ್ನೋದು ಅವಳದೇ ಮಾತು.

ಅಮ್ಮಮ್ಮ ಈಗ ಮೂರು ವರ್ಷದಿಂದ ಯಲಹಂಕದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಇದ್ದಳು. ಅಜ್ಜ ಹೋದ ಮೇಲೆ ಆನಂದಪುರದ ಹತ್ತಿರದ ಮನೆಗೆ ಬೀಗ ಹಾಕಿ ಅಮ್ಮ ಕರಕೊಂಡು ಬಂದಿದ್ದು. ಲಿಫ್ಟಿಗೆ ಹೆದರುತ್ತಿದ್ದಳು. ಬಾಲ್ಕನಿಯಲ್ಲಿ ಕೂತು ಟೆಕ್ ಪಾರ್ಕಿನ ಕ್ಯಾಬುಗಳನ್ನು ಎಣಿಸೋದು ಅವಳ ಕೆಲಸ. ನಾನು ಪುಸ್ತಕ ಓದಿ ಹೇಳಿದ ದಿನ ಅವಳು ಸುಮ್ಮನೆ ಕೇಳಿದಳು, ಆಮೇಲೆ, "ಒಂದ್ಸಲ ತವರಿಗೆ ಹೋಗಿ ಬರ್ಬೇಕಿತ್ತು ಮಾರಾಯ" ಅಂದಳು. ಅಮ್ಮ ಅಡುಗೆಮನೆಯಿಂದಲೇ, "ಯಾವ ತವರು? ಎಲ್ಲಿದೆ ಅದು?" ಅಂದಳು. ಮೊಣಕಾಲು ನೋವು, ಬಿಪಿ, ಸೆಕೆ, ರೈಲಿನ ಮೇಲಿನ ಬರ್ತು. ಬೇಡ ಅನ್ನೋದಕ್ಕೆ ಕಾರಣಗಳ ಕೊರತೆ ಇರಲಿಲ್ಲ. ನಾಲ್ಕು ತಿಂಗಳು ಈ ವಾದ ನಡೀತು.

ಕೊನೆಗೆ ಮೇ ತಿಂಗಳ ಒಂದು ಗುರುವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿದೆವು. ಕೆಳಗಿನ ಬರ್ತು ಸಿಕ್ಕಿತ್ತು. ಅಮ್ಮಮ್ಮ ಮಲಗಲೇ ಇಲ್ಲ. ಬೆಳಗಾಗುವಾಗ ಸಾಗರ ಜಂಬಗಾರು ನಿಲ್ದಾಣ, ಇಳಿದು ಒಂದು ಇಡ್ಲಿ ತಿಂದು ಬಾಡಿಗೆ ಕಾರು ಹಿಡಿದು ಆವಿನಹಳ್ಳಿ ಮೇಲೆ ಹೊಳೆಬಾಗಿಲು. ದಾರಿ ಸುಲಭದ್ದು, ವಿವರಿಸುವಂಥದ್ದೇನಿಲ್ಲ.

ಹೊಳೆಬಾಗಿಲಿನಲ್ಲಿ ಇಳಿದಾಗ ಮಾತ್ರ ಇಬ್ಬರೂ ನಿಂತುಬಿಟ್ಟೆವು. ನಾನು ಸೇತುವೆ ನೋಡಿ, ಅವಳು ನೀರು ನೋಡಿ.

ಸೇತುವೆ ಆಗ ಹೆಚ್ಚುಕಡಿಮೆ ಮುಗಿದಿತ್ತು, ಜನರಿಗೆ ಬಿಟ್ಟಿರಲಿಲ್ಲ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್, ಎತ್ತರದ ಕಂಬಗಳಿಂದ ಕೇಬಲ್ಲುಗಳು ಬೀಸಣಿಗೆಯ ಹಾಗೆ ಇಳಿದಿವೆ. 2018ರಲ್ಲಿ ಅಡಿಗಲ್ಲು, 2025ರ ಜುಲೈ 14ಕ್ಕೆ ಉದ್ಘಾಟನೆ. ಆಚೆ ದಡದವರು ಈ ಸೇತುವೆ ಕೇಳಲು ಶುರು ಮಾಡಿ ಎಷ್ಟೋ ದಶಕಗಳಾಗಿದ್ದವು. ಅಲ್ಲಿಯವರೆಗೆ ಅವರ ಆಸ್ಪತ್ರೆ, ಕಾಲೇಜು, ಕಚೇರಿ, ಮದುವೆ ಎಲ್ಲಕ್ಕೂ ಲಾಂಚೇ ಗತಿ. ಸಂಜೆಯಾದರೆ ಲಾಂಚ್ ಬಂದ್. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ವಾಹನ ಹತ್ತಿಸೋದನ್ನೇ ನಿಲ್ಲಿಸುತ್ತಿದ್ದರು. ಪ್ರವಾಸಿಗರಿಗೆ ಚಂದ ಕಂಡದ್ದು ಊರವರಿಗೆ ದಿನಾ ಬೆಳಗಾದರೆ ಕ್ಯೂ.

ಅಮ್ಮಮ್ಮನಿಗೆ ಈ ದಡದ ಮೇಲೆ ಬೇರೆಯೇ ಸಿಟ್ಟಿತ್ತು. ಅದಕ್ಕೆ ಆಮೇಲೆ ಬರ್ತೀನಿ.

ಲಾಂಚಿನಲ್ಲಿ ಹದಿನೈದಿಪ್ಪತ್ತು ನಿಮಿಷದ ದಾರಿ. ನಮ್ಮ ಕಾಲಡಿ ಏನಿತ್ತು ಅಂತ ಒಂದು ಸಲ ಯೋಚನೆ ಮಾಡಿ ನೋಡಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಹಿಡಿಯೋದು ಸುಮಾರು 151 ಟಿಎಂಸಿ ನೀರು. ಆ 1819 ಅನ್ನೋ ಸಂಖ್ಯೆ ಈ ಸೀಮೆಯವರಿಗೆ ಬಾಯಿಪಾಠ. ಅದರ ಕೆಳಗಿದ್ದ ಮನೆ, ಗದ್ದೆ, ತೋಟ, ದೇವಸ್ಥಾನ, ಸ್ಮಶಾನ ನೀರಿಗೆ, ಮೇಲಿದ್ದದ್ದು ಉಳೀತು. ಅಳತೆಯವರು ಬಂದು ತಮ್ಮನೆ ಅಂಗಳದ ಹಲಸಿನ ಮರಕ್ಕೆ ಬಣ್ಣದ ಗುರುತು ಹಾಕಿ ಹೋದದ್ದು ಅಮ್ಮಮ್ಮನಿಗೆ ಚೆನ್ನಾಗಿ ನೆನಪಿದೆ. ಗುರುತು ಅವಳ ತಲೆಗಿಂತ ಎಷ್ಟೋ ಮೇಲಿತ್ತಂತೆ. ಮಕ್ಕಳೆಲ್ಲ ಹಾರಿ ಹಾರಿ ಅದನ್ನು ಮುಟ್ಟೋ ಆಟ ಆಡ್ತಿದ್ರಂತೆ.

ಅವರ ಮನೆಗೆ ಅದು ಎರಡನೇ ಮುಳುಗಡೆ. ಮೊದಲನೆಯದು ಅವಳ ಅಜ್ಜನ ಕಾಲದ್ದು, ಹಿರೇಭಾಸ್ಕರ ಅಣೆಕಟ್ಟಿನಿಂದ. ಮಡೆನೂರು ಡ್ಯಾಮ್ ಅಂತಾನೂ ಕರೀತಾರೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಕೊಡಲು 1948ರ ಹೊತ್ತಿಗೆ ಕಟ್ಟಿದ್ದು. ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಮಾತಾಡ್ತಾನೆ, ಸಹಿಸಿಕೊಳ್ಳಿ. ಆ ಅಣೆಕಟ್ಟಿನಲ್ಲಿ ಹೆಚ್ಚಿನ ನೀರು ಹೊರಗೆ ಹೋಗೋದಕ್ಕೆ ಗಣೇಶ ಅಯ್ಯರ್ ಅನ್ನೋ ನಮ್ಮದೇ ಎಂಜಿನಿಯರ್ ರೂಪಿಸಿದ ಸೈಫನ್‌ಗಳಿವೆ. ದೊಡ್ಡ ಆಲಿಕೆಯಂಥ ಬಾಯಿ, ಅದರ ಮೇಲೊಂದು ಗುಮ್ಮಟ. ನೀರು ಅಂಚು ದಾಟಿದ ಕೂಡಲೇ ಸುಳಿಯಾಗಿ ತಿರುಗುತ್ತಾ ಒಳಗಿಳಿಯುತ್ತೆ, ಸುಳಿ ಒಳಗಿನ ಗಾಳಿಯನ್ನು ಎಳಕೊಂಡು ಹೋಗುತ್ತೆ, ಆಮೇಲೆ ಸೈಫನ್ ತಾನಾಗೇ ತುಂಬಿ ಹರಿಯೋಕೆ ಶುರು. ಮಟ್ಟ ಇಳಿದರೆ ಗಾಳಿ ಒಳನುಗ್ಗಿ ತಾನಾಗೇ ನಿಲ್ಲುತ್ತೆ. ಗೇಟಿಲ್ಲ, ಮೋಟಾರಿಲ್ಲ, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಎಬ್ಬಿಸಬೇಕಾದ ಆನ್‌ಕಾಲ್ ಮನುಷ್ಯನೂ ಇಲ್ಲ. ನಾನು ಬರೆದ ಯಾವ ಆಟೋಸ್ಕೇಲಿಂಗ್ ಕೋಡೂ ಅಷ್ಟು ಮರ್ಯಾದೆಯಿಂದ ಕೆಲಸ ಮಾಡಿಲ್ಲ.

ಆ ಅಣೆಕಟ್ಟನ್ನೂ ಲಿಂಗನಮಕ್ಕಿ ಮುಳುಗಿಸಿತು. ಇದ್ದದ್ದು ಹದಿನಾರು ವರ್ಷ ಅಷ್ಟೇ. ಮಳೆ ಕೈಕೊಟ್ಟ ವರ್ಷಗಳ ಕೊನೆಯಲ್ಲಿ ನೀರು ತೀರಾ ಇಳಿದಾಗ ಇಡೀ ಕಟ್ಟೆ, ಸೈಫನ್ನುಗಳ ಸಮೇತ, ಮೇಲೆದ್ದು ನಿಲ್ಲುತ್ತೆ. ಆಗ ಜನ ಜಾತ್ರೆಯ ಹಾಗೆ ನೋಡೋಕೆ ಹೋಗ್ತಾರೆ. ಅಣೆಕಟ್ಟೇ ಮುಳುಗಡೆ ಸಂತ್ರಸ್ತ ಆಗಿದ್ದು ಬೇರೆಲ್ಲಾದರೂ ಇದೆಯೋ ನೀವೇ ಹುಡುಕಿ.

ಲಿಂಗನಮಕ್ಕಿಯಿಂದ ಏನು ಬಂತು ಅನ್ನೋದನ್ನೂ ಹೇಳಬೇಕು. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ ಹತ್ತು ಘಟಕ, ಒಟ್ಟು 1035 ಮೆಗಾವ್ಯಾಟ್. ರಾಜ್ಯದ ಕಾರ್ಖಾನೆಗಳು, ಬೆಂಗಳೂರಿನ ದೀಪಗಳು ಎಷ್ಟೋ ವರ್ಷ ಇದರಲ್ಲೇ ಉರಿದವು. ನಾನು ಹುಟ್ಟಿ ಬೆಳೆದ ಊರು ಈ ಕರೆಂಟಿನಲ್ಲೇ ಬೆಳಗಿದ್ದು. ಹಾಗಾಗಿ ಅಣೆಕಟ್ಟು ಬೇಡವಾಗಿತ್ತು ಅಂತ ಹೇಳೋದು ನನಗೆ ಸುಲಭವಲ್ಲ. ಆದರೆ ನೀರಿನ ಅಂಚಿನಲ್ಲೇ ಉಳಿದವರ ಮನೆಗಳಿಗೆ ದೀಪ ಬರೋದಕ್ಕೆ ವರ್ಷಗಟ್ಟಲೆ ಹಿಡೀತು. ಶಿವಮೊಗ್ಗದ ಕಡೆ ಕಾಡು ಕಡಿದು ಕೂರಿಸಿದವರ ಮೊಮ್ಮಕ್ಕಳು ಹಕ್ಕುಪತ್ರಕ್ಕೆ ಇವತ್ತಿಗೂ ಓಡಾಡ್ತಿದ್ದಾರೆ. ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೀತಿದೆ. ಹಳೇ ಲೆಕ್ಕ ಚುಕ್ತಾ ಮಾಡದೆ ಹೊಸ ಲೆಕ್ಕ ತೆಗೆಯೋದು ಸರಿಯಾ ಅನ್ನೋ ಪ್ರಶ್ನೆ ನನ್ನದು.

ಕಳಸವಳ್ಳಿ ದಡದಲ್ಲಿ ಅಮ್ಮಮ್ಮನ ತಮ್ಮನ ಮೊಮ್ಮಗ ಓಮ್ನಿ ತಂದಿದ್ದ. ತುಮರಿ ದಾಟಿ ಒಳಗೆ ಮಣ್ಣು ರಸ್ತೆ. ಅಮ್ಮಮ್ಮನ ತಮ್ಮನಿಗೆ ಎಪ್ಪತ್ತಾರು, ನಾವು ಸಣ್ಣಜ್ಜ ಅಂತೀವಿ. ಅರ್ಧ ಊರು ಶಿವಮೊಗ್ಗದ ಕಡೆ ಲಾರಿ ಹತ್ತಿದಾಗ ಅವರಪ್ಪ ಹೋಗಲಿಲ್ಲ, 1819ರ ಗೆರೆಯ ಮೇಲಿದ್ದ ಬ್ಯಾಣದಲ್ಲಿ ಅಡಿಕೆ ಸೋಗೆ ಹೊದಿಸಿ ಗುಡಿಸಲು ಕಟ್ಟಿದರು. ಅಮ್ಮಮ್ಮನ ಮದುವೆ 1962ರಲ್ಲಿ, ಹದಿನೆಂಟಕ್ಕೆ. ದಿಬ್ಬಣ ಹೊರಟದ್ದು ಹಳೇ ಮನೆಯಿಂದ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಮನೆ ಇರಲಿಲ್ಲ, ಸೋಗೆ ಗುಡಿಸಲಿತ್ತು, ಅಂಗಳದ ತುದಿಗೆ ನೀರಿತ್ತು.

ಸಣ್ಣಜ್ಜ ಜಗಲಿಯಲ್ಲಿ ನಿಂತಿದ್ದರು. "ಬಂದ್ಯಾ ಅಕ್ಕಯ್ಯ" ಅಂದರು. ಅಮ್ಮಮ್ಮ, "ಹೂಂ. ಕಾಲಿಗೆ ನೀರು ಕೊಡು" ಅಂದಳು. ಅಷ್ಟೇ. ಮೂವತ್ತೇಳು ವರ್ಷ ಆಗಿತ್ತು ಅವಳು ಆ ಮನೆ ಮೆಟ್ಟಿಲು ಹತ್ತಿ.

ಈಗ ಆ ಸಿಟ್ಟಿನ ವಿಷಯ. 1988ರ ಆಷಾಢದಲ್ಲಿ ಅವರಮ್ಮ, ಅಂದ್ರೆ ನನ್ನ ಮುತ್ತಜ್ಜಿ, ತೀರಿಕೊಂಡರು. ಸುದ್ದಿ ಆನಂದಪುರಕ್ಕೆ ಮುಟ್ಟಿ ಅಮ್ಮಮ್ಮ ಮಳೆಯಲ್ಲಿ ಬಸ್ಸು ಬದಲಿಸಿ ಹೊಳೆಬಾಗಿಲಿಗೆ ಬರುವಾಗ ಕೊನೇ ಲಾಂಚ್ ಹೋಗಿತ್ತು. ಚಾದಂಗಡಿಯವರು ಒಳಗೆ ಕರೆದು ಚಾಪೆ ಕೊಟ್ಟರಂತೆ. ಅವಳು ಚಾಪೆ ಬಿಡಿಸಲಿಲ್ಲ, ರಾತ್ರಿಯೆಲ್ಲ ಬಾಗಿಲಲ್ಲಿ ಕೂತಿದ್ದಳು. ಬೆಳಗ್ಗೆ ಮೊದಲ ಲಾಂಚಿಗೆ ದಾಟಿದಾಗ ಎಲ್ಲ ಮುಗಿದಿತ್ತು, ರಾತ್ರಿಯೇ ಸಂಸ್ಕಾರ ಮಾಡಿದ್ದರು. ಒಂದು ರಾತ್ರಿ ಕಾಯಲಿಲ್ಲ ಅನ್ನೋದು ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತು. ಸ್ನಾನ ಮಾಡಿ, ಊಟ ಮಾಡದೆ ವಾಪಸ್ ಹೋದಳು. ಆಮೇಲೆ ಅಕ್ಕತಮ್ಮ ಮದುವೆಮನೆಗಳಲ್ಲಿ ಮಾತ್ರ ಎದುರಾಗೋದು, ಅದೂ ಬೇರೆ ಬೇರೆ ಪಂಕ್ತಿಯಲ್ಲಿ. ನಮ್ಮ ಮನೆಯ ಒಂದೇ ಒಂದು ಮದುವೆ ಫೋಟೋದಲ್ಲೂ ಇಬ್ಬರೂ ಒಟ್ಟಿಗಿಲ್ಲ.

ಆ ರಾತ್ರಿ ಊಟಕ್ಕೆ ಅಪ್ಪೆಹುಳಿ ಮಾಡಿದ್ದರು. ಊಟ ಆಗಿ ಜಗಲಿಯಲ್ಲಿ ಕೂತಿದ್ದೆವು. ಹಲಸಿನ ಹಪ್ಪಳದ ಚಾಪೆಗಳನ್ನು ಮಡಚಿ ಒಳಗಿಟ್ಟು ಸೊಸೆ ಅತ್ತೆ ಲೈಟು ಹಾಕಿದರು. ಸಣ್ಣಜ್ಜ, "ಲಾಟೀನಲ್ಲೇ ನನ್ನ ಮಕ್ಕಳು ಹತ್ತನೇ ಕ್ಲಾಸ್ ಓದಿದ್ದು" ಅಂತ ನನಗೆ ಹೇಳ್ತಿದ್ದರು. ಹಾಗೇ ಮಾತು ತಿರುಗಿಸದೆ, ಅದೇ ದನಿಯಲ್ಲಿ, "ಬೆಳಗಿನ ತನಕ ಇಟ್ಕೊಳ್ಳಾಣ ಅಂದೆ ಅಕ್ಕಯ್ಯ. ಹಿರಿಯರು ಕೇಳ್ಲಿಲ್ಲ. ಮಳೆ ಒಳಗೇ ಸುರೀತಿತ್ತು. ನೀ ಆಚೆ ದಡದಲ್ಲಿ ಕೂತಿದೀಯ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿದ್ರೆ ದೋಣಿ ತರ್ತಿದ್ದೆ" ಅಂದರು.

ಅಮ್ಮಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಇದ್ದಳು. ಮುಗಿಸಿ ಬಾಯಿಗಿಟ್ಟುಕೊಂಡ ಮೇಲೆ ಹೇಳಿದಳು. "ಆ ಗಾಳಿ ಮಳೇಲಿ ದೋಣಿ ತಂದಿದ್ರೆ ನೀನೂ ಹೋಗ್ತಿದ್ದೆ. ಸುಮ್ನಿರು."

ನಾನು ಫೋನ್ ನೋಡೋ ಹಾಗೆ ನಟಿಸಿದೆ. ನೆಟ್‌ವರ್ಕ್ ಇರಲಿಲ್ಲ.

ಮರುದಿನ ಬೆಳಗ್ಗೆ ನೀರಿನ ಅಂಚಿಗೆ ಇಳಿದೆವು. ಹಿನ್ನೀರು ನೋಡೋದಾದರೆ ಮೇ ತಿಂಗಳಲ್ಲೇ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಮಳೆಗಾಲ ಮುಗಿದ ಮೇಲೆ ತುಂಬಿದ ನೀರು ಚಂದವೇನೋ ಹೌದು, ಆದರೆ ಅದು ಎಲ್ಲವನ್ನೂ ಮುಚ್ಚಿ ಕೂತಿರುತ್ತೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕೆಂಪು ಮಣ್ಣಿನ ಬೋಳು ಇಳಿಜಾರು ಕಾಣುತ್ತೆ, ಅದರ ತುಂಬ ಕಪ್ಪು ಬೊಡ್ಡೆಗಳು. ಅರವತ್ತು ವರ್ಷ ಮುಳುಗಿ ಎದ್ದು ಮುಳುಗಿ ಎದ್ದು, ಇನ್ನೂ ಬೇರು ಬಿಡದೆ ನಿಂತಿರುವ ಮರದ ಬುಡಗಳು. ಅಲ್ಲಲ್ಲಿ ಜಂಬಿಟ್ಟಿಗೆ ಕಲ್ಲಿನ ಸಾಲು, ಯಾರದೋ ಅಗಳದ ದರೆ.

ಅಮ್ಮಮ್ಮ ನನ್ನ ತೋಳು ಹಿಡಿದು ನಿಂತು ಎದುರಿನ ಗುಡ್ಡಗಳನ್ನು ನೋಡಿದಳು. ನೀರನ್ನಲ್ಲ, ಗುಡ್ಡಗಳನ್ನು. ಅವುಗಳ ಆಕಾರ ಬದಲಾಗಿಲ್ಲವಲ್ಲ. ಎರಡು ಗುಡ್ಡ ಸೇರುವ ಜಾಗಕ್ಕೆ ಕೈ ತೋರಿಸಿ, "ಅದರ ನೇರಕ್ಕೆ ನಮ್ಮನೆ ತುಳಸಿಕಟ್ಟೆ" ಅಂದಳು. ಸಣ್ಣಜ್ಜ, "ಅಲ್ಲ, ಇನ್ನೂ ಎಡಕ್ಕೆ" ಅಂದರು. "ನೀನಾಗ ಚಡ್ಡಿ ಹುಡುಗ, ನಿಂಗೇನು ಗೊತ್ತು?" "ದನ ಕಾಯ್ತಿದ್ದವ ನಾನು, ನಂಗೆ ಗೊತ್ತಿಲ್ವಾ?" ಜಗಳ ಅರ್ಧ ಗಂಟೆ ನಡೀತು. ಅಪ್ಪೆಮರ ಎಲ್ಲಿತ್ತು ಅನ್ನೋದರಲ್ಲಿ ಇಬ್ಬರೂ ಒಪ್ಪಿದರು. ಹೊಳೆ ದಂಡೆಯ ಮೇಲಿದ್ದ ಜೀರಿಗೆ ಅಪ್ಪೆ, ಮಿಡಿ ಕಿತ್ತರೆ ಸೊನೆಯ ಪರಿಮಳ ಮನೆತನಕ ಬರ್ತಿತ್ತಂತೆ. ಮಲೆನಾಡಿನ ಒಳ್ಳೊಳ್ಳೆ ಅಪ್ಪೆಮರಗಳು ಹೊಳೆಸಾಲಿನಲ್ಲೇ ಬೆಳೆಯೋದು, ಹಾಗಾಗಿ ಈ ಕಣಿವೆಯಲ್ಲಿ ಮೊದಲು ಮುಳುಗಿದ್ದೂ ಅವೇ. ಉಪ್ಪಿನಕಾಯಿ ಪ್ರಿಯರಿಗೆ ಈ ನಷ್ಟ ಅರ್ಥವಾಗುತ್ತೆ.

ನಾನು ಉಪಗ್ರಹ ನಕ್ಷೆ ತೆರೆದು ಇಬ್ಬರಿಗೂ ತೋರಿಸೋಣ ಅಂದುಕೊಂಡಿದ್ದೆ. ಬೆಂಗಳೂರಿನಲ್ಲೇ ಡೌನ್‌ಲೋಡ್ ಮಾಡಿ ತಂದಿದ್ದೆ. ಪರದೆಯ ತುಂಬ ನೀಲಿ ಬಣ್ಣ ಮಾತ್ರ ಇತ್ತು. ಮಡಚಿ ಜೇಬಿಗಿಟ್ಟುಕೊಂಡು ಅವರಿಬ್ಬರು ಹೇಳಿದ್ದನ್ನು ಒಂದು ಕಾಗದದ ಮೇಲೆ ಬರೆದೆ: ಮನೆ, ಬಾವಿ, ಕೊಟ್ಟಿಗೆ, ಅಗಸೆ, ಗದ್ದೆಕೋಗು, ದೇವರಬನ, ಶಾಲೆಗೆ ಹೋಗೋ ಸಂಕ. ತುಳಸಿಕಟ್ಟೆಯನ್ನು ಎರಡು ಕಡೆ ಬರೆದಿದ್ದೇನೆ.

ಅಮ್ಮಮ್ಮ ಅಳಲಿಲ್ಲ. ಬಗ್ಗಿ ನೀರಲ್ಲಿ ಮುಖ ತೊಳೆದಳು. ಸೆರಗಲ್ಲಿ ಒರೆಸಿಕೊಳ್ಳುತ್ತಾ, "ನಮ್ಮ ಬಾವಿ ನೀರೂ ಇದರೊಳಗೇ ಸೇರಿರ್ತದೆ ಅಲ್ದಾ" ಅಂತ ಕೇಳಿದಳು. ಹೌದು ಅಂದೆ.

ತೊಂದರೆ ಶುರುವಾಗಿದ್ದು ಭಾನುವಾರ, ಹೊರಡೋ ಹೊತ್ತಿಗೆ. ಅವಳು ಚೀಲ ಕಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಮುತ್ತಜ್ಜಿಯ ಕಾಲದ ಪಿಂಗಾಣಿ ಭರಣಿ ಒಂದಿದೆ, ಹಳೇ ಮನೆಯಿಂದ ಎತ್ತಿನಗಾಡಿಯಲ್ಲಿ ಹುಲ್ಲು ಸುತ್ತಿ ತಂದದ್ದು. ಅದರೊಳಗಿನ ಮಿಡಿಗೆ ಉಪ್ಪು ಸಾಲದು ಅಂತ ಸೊಸೆ ಅತ್ತೆಗೆ ಹೇಳ್ತಾ ಕೂತಿದ್ದಳು. ನಾನು ಕರೆದಾಗ, "ನೀ ಹೋಗು. ನಾ ಇಲ್ಲೇ ಇರ್ತೆ" ಅಂದಳು.

ಒಂದು ಕಿಲೋಮೀಟರ್ ನಡೆದು ಸಿಗ್ನಲ್ ಸಿಗೋ ದಿಬ್ಬ ಹತ್ತಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಮೊದಲು ಬೈದಳು, ಆಮೇಲೆ ಅತ್ತಳು. "ರಾತ್ರಿ ಏನಾದ್ರೂ ಆದ್ರೆ? ಲಾಂಚೂ ಇರಲ್ಲ, ಸಾಗರದ ಆಸ್ಪತ್ರೆಗೆ ಹೇಗೆ ಒಯ್ತಾರೆ? ನಾನೂ ಆ ದಡದಲ್ಲಿ ಕೂತಿರಬೇಕಾ?" ಅಂದಳು. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಸುತ್ತುಬಳಸಿನ ರಸ್ತೆ ಇದೆ, ಆದರೆ ಅದು ಕಾಡಿನ ದೂರದ ದಾರಿ. ಆರನೇ ಮಹಡಿಯಿಂದ ಆಸ್ಪತ್ರೆ ಹತ್ತು ನಿಮಿಷ, ಅದು ನಿಜ. ಮೂರು ವರ್ಷದಲ್ಲಿ ಅಮ್ಮಮ್ಮ ಯಾರ ಜೊತೆಗೂ ಅರ್ಧ ಗಂಟೆ ಜಗಳ ಆಡಿರಲಿಲ್ಲ, ಇದೂ ನಿಜ. ಸೊಸೆ ಅತ್ತೆ ಫೋನ್ ಇಸಕೊಂಡು, "ಮಳೆಗಾಲಕ್ಕೆ ಸೇತುವೆ ಬಿಡ್ತಾರೆ ಅಂತ ಹೇಳ್ತಿದಾರೆ ಅತ್ತಿಗೆ, ಅಲ್ಲಿ ತನಕ ನಾವು ನೋಡ್ಕೊಳ್ತೇವೆ" ಅಂದರು. ಅಮ್ಮ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ನಾನು ಎರಡು ತಿಂಗಳ ಬಿಪಿ ಮಾತ್ರೆಯನ್ನು ಸಾಗರದಿಂದ ಕೊಂಡು ಓಮ್ನಿ ಹುಡುಗನ ಕೈಲಿ ಕಳಿಸಿ, ಅವಳ ವಾಪಸ್ ಟಿಕೆಟ್ ರದ್ದು ಮಾಡಿ, ಒಬ್ಬನೇ ರೈಲು ಹತ್ತಿದೆ.

ಜುಲೈ 14ರಂದು ಸೇತುವೆ ತೆರೆದರು. ಒಂದು ವಾರಕ್ಕೆ ಸಣ್ಣಜ್ಜನ ಜೊತೆ ಅಮ್ಮಮ್ಮ ಬಸ್ಸಿನಲ್ಲಿ ಸೇತುವೆ ದಾಟಿ ಸಾಗರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಳಂತೆ. ಫೋನಿನಲ್ಲಿ ಕೇಳಿದೆ, ಹೇಗಿತ್ತು ಅಂತ. "ಎಂಥದೂ ಇಲ್ಲ, ಕೂತ್ಕೊಂಡು ಎಲೆ ಅಡಿಕೆ ಚೀಲ ಬಿಚ್ಚೋದ್ರೊಳಗೆ ದಡ ಬಂತು" ಅಂದಳು. ಆಮೇಲೆ ನಿಧಾನಕ್ಕೆ, "ಇದು ಆಗ ಇದ್ದಿದ್ರೆ" ಅಂತ ಶುರು ಮಾಡಿ ಮುಂದೆ ಹೇಳಲಿಲ್ಲ. ಹಳೇ ಕನ್ನಡಕ ಯಲಹಂಕದ ಕಪಾಟಿನಲ್ಲಿದೆ, ಕಳಿಸು ಅಂದಳು. ಗೌರಿ ಹಬ್ಬಕ್ಕೆ ಅಮ್ಮನನ್ನು ಕರಕೊಂಡು ಬಾ, ಬಾಗಿನ ಇಲ್ಲೇ ಕೊಡ್ತೇನೆ ಅಂದಳು.

ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕ್ಯಾಲೆಂಡರ್ ಎದುರು ನಿಂತು ಹಬ್ಬ ಯಾವತ್ತು ಅಂತ ಕೇಳಿದಳು. ಆಗಸ್ಟ್ 26, ಮಂಗಳವಾರ ಅಂದೆ. ಆ ವಾರದ ತಾಳಗುಪ್ಪ ರೈಲಿನಲ್ಲಿ ಸೀಟು ಎಲ್ಲಿ ಸಿಗಬೇಕು. ಎರಡು ಟಿಕೆಟ್, ವೇಟಿಂಗ್ ಲಿಸ್ಟ್ ಹದಿನಾಲ್ಕು, ಹದಿನೈದು.